ಕತೆ ಪುಸ್ತಕವನ್ನು ಪಾಠ ಮಾಡಬೇಡಿ: ಮನೆಯಲ್ಲೇ ಕಲಿಯುವ ಮಕ್ಕಳಿಗೆ ಓದಿನ ರುಚಿ ಹತ್ತಿಸುವ ಬಗೆ

ಅಡಿಕೆ ಕೊಯ್ಲು ಶುರುವಾದರೆ ನಮ್ಮ ಮನೆಯ ಜಗಲಿಯಲ್ಲಿ ರಾತ್ರಿ 11 ಗಂಟೆಯವರೆಗೂ ದೀಪ ಆರುವುದಿಲ್ಲ. ಎಲ್ಲರೂ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತು ಹಸಿ ಅಡಿಕೆ ಸುಲಿಯುತ್ತಾರೆ. ನಾಲ್ಕು ವರ್ಷದ ಹಿಂದೆ ಅಂಥದ್ದೊಂದು ರಾತ್ರಿ ನನ್ನ ಹೆಬ್ಬೆರಳಿಗೆ ಗಾಯವಾಗಿತ್ತು, ಸುಲಿಯಲು ಆಗುತ್ತಿರಲಿಲ್ಲ. 'ಸುಮ್ನೆ ಕೂರುವ ಬದಲು ಎಂತಾರೂ ಓದು, ಎಲ್ಲರೂ ಕೇಳ್ತೇವೆ' ಎಂದರು ಮಾವ. ಕೈಗೆ ಸಿಕ್ಕ ಒಂದು ಕಾಡಿನ ಕತೆ ಓದತೊಡಗಿದೆ. ದಾರಿ ತಪ್ಪಿದ ಹುಡುಗ ಹುಲಿಯ ಹೆಜ್ಜೆ ನೋಡುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಕತ್ತಿಯ ಸದ್ದೂ ನಿಂತಿತು. ಕತ್ತಲಲ್ಲಿ ಮಗಳ ದನಿ ಕೇಳಿತು. 'ಮುಂದೆಂತ ಆತೆ ಆಯಿ?'

ಆಗ ಅವಳಿಗೆ 8 ವರ್ಷ. ಅದಕ್ಕೂ ಹಿಂದಿನ ಮೂರು ತಿಂಗಳು ಅವಳು ಒಂದೂ ಪುಸ್ತಕ ಮುಟ್ಟಿರಲಿಲ್ಲ. ಅದಕ್ಕೆ ಕಾರಣ ನಾನೇ.

ಶಿರಸಿ ಪೇಟೆಯಿಂದ ದೂರದ ಹಳ್ಳಿ ನಮ್ಮದು. ಮಗಳು, ಮಗ ಇಬ್ಬರೂ ಮನೆಯಲ್ಲೇ ಕಲಿಯುತ್ತಾರೆ. ಹೀಗೆ ಕಲಿಸುವ ಮನೆಗಳಲ್ಲಿ ಒಂದು ಅಪಾಯ ಇರುತ್ತದೆ. ಶಾಲೆಗೆ ಹೋಗುವ ಮಗು ಸಂಜೆ ಚೀಲ ಬಿಸಾಕಿದ ಕೂಡಲೇ ಪಾಠ ಮುಗಿಯಿತು. ನಮ್ಮಲ್ಲಿ ಹಾಗಲ್ಲ. ಅಮ್ಮನೇ ಟೀಚರು, ಊಟದ ಮನೆಯೇ ತರಗತಿ. ಮಗು ಖುಷಿಗೆ ಅಂತ ಕೈಗೆತ್ತಿಕೊಂಡ ಪುಸ್ತಕವೂ ನಮಗೆ ಗೊತ್ತಿಲ್ಲದ ಹಾಗೆ ಪಾಠವಾಗಿಬಿಡುತ್ತದೆ. ನಾನು ಮಾಡಿದ್ದೂ ಅದನ್ನೇ. ಮಗಳು ಒಂದು ಪುಸ್ತಕ ಮುಗಿಸಿದ ಕೂಡಲೇ ಐದು ಪ್ರಶ್ನೆ ಕೇಳುತ್ತಿದ್ದೆ. ಕತೆಯ ಸಾರಾಂಶ ಬರೆಸುತ್ತಿದ್ದೆ. ಹೊಸ ಪದಗಳಿಗೆ ಗೆರೆ ಎಳೆಸುತ್ತಿದ್ದೆ. ಒಂದು ದಿನ ಅವಳು, 'ಇದನ್ನ ಓದಿದ್ರೆ ಬರೀಲೂ ಬೇಕಾ?' ಎಂದು ಕೇಳಿದಳು. ಹೌದು ಅಂದೆ. ಪುಸ್ತಕ ಮುಚ್ಚಿಟ್ಟು ಕರುವಿನ ಹತ್ತಿರ ಹೋದಳು. ಅವತ್ತಿಗೆ ಓದು ನಿಂತಿತು.

ಅವಳನ್ನು ಮತ್ತೆ ಪುಸ್ತಕದ ಹತ್ತಿರ ಕರೆತರಲು ನಾವು ಏನೇನು ಮಾಡಿದೆವು, ಯಾವುದು ಫಲ ಕೊಟ್ಟಿತು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಎರಡು ಕಪಾಟು ಮಾಡಿ

ಪಾಠದ ಪುಸ್ತಕ ಒಂದು ಕಡೆ, ಕತೆ ಪುಸ್ತಕ ಇನ್ನೊಂದು ಕಡೆ ಇರಲಿ. ಎರಡನೇ ಕಪಾಟಿನ ಪುಸ್ತಕದ ಬಗ್ಗೆ ಮಕ್ಕಳಿಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ ಅಂತ ಮನೆಯವರೆಲ್ಲ ಮಾತಾಡಿಕೊಳ್ಳಿ. ಸಾರಾಂಶ ಬೇಡ, ನೀತಿ ಏನು ಅಂತ ಕೇಳುವುದೂ ಬೇಡ. ನೆಂಟರೆದುರು 'ಎಲ್ಲಿ, ಆ ಕತೆ ಹೇಳು ನೋಡೋಣ' ಅನ್ನುವುದಂತೂ ಬೇಡವೇ ಬೇಡ. ಮಗು ತಾನಾಗಿ ಹೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿ.

ಇದು ಸುಲಭ ಅಲ್ಲ. ಕಲಿಸುವ ಚಟ ನಮ್ಮನ್ನು ಸುಮ್ಮನಿರಲು ಬಿಡುವುದಿಲ್ಲ. ನನಗೆ ಸುಮಾರು ಎರಡು ತಿಂಗಳು ಬೇಕಾಯಿತು.

ಇನ್ನೊಂದು ಮಾತು. ಆ ಕಪಾಟಿನ ಪುಸ್ತಕ ಇಷ್ಟವಾಗದಿದ್ದರೆ ಅರ್ಧಕ್ಕೇ ಬಿಡುವ ಹಕ್ಕು ಮಗುವಿಗೆ ಇರಲಿ. ನಾವೂ ಬಿಡುತ್ತೇವೆ, ಅಲ್ವಾ? 'ದುಡ್ಡು ಕೊಟ್ಟು ತಂದಿದ್ದು, ಮುಗಿಸು' ಎಂದರೆ ಆ ಪುಸ್ತಕ ಮುಗಿಯಬಹುದು. ಮುಂದಿನದನ್ನು ಮಗು ಎತ್ತಿಕೊಳ್ಳುವುದಿಲ್ಲ.

ನೀವು ಗಟ್ಟಿಯಾಗಿ ಓದಿ, ಮಗುವಿಗೆ ಓದಲು ಬಂದ ಮೇಲೂ ಓದಿ

ಒಂದೇ ಒಂದು ಕೆಲಸ ಮಾಡಲು ಸಮಯ ಇದೆ ಅಂದರೆ ಇದನ್ನು ಮಾಡಿ, ಉಳಿದದ್ದು ಬಿಟ್ಟರೂ ನಡೆಯುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದಕ್ಕೆ ಜಾಸ್ತಿ ಮಹತ್ವ ಇದೆ. ನಮ್ಮ ಮನೆ ಮಾತು ಹವ್ಯಕ. ಘಟ್ಟ ಇಳಿದು ಕಾರವಾರ, ಕುಮಟಾ ಕಡೆ ಹೋದರೆ ಎಷ್ಟೋ ಮನೆಗಳಲ್ಲಿ ಕೊಂಕಣಿ. ಭಟ್ಕಳದಲ್ಲಿ ನವಾಯತಿ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕನ್ನಡದ ಧಾಟಿಯೇ ಬೇರೆ. ಈ ಮಕ್ಕಳಿಗೆಲ್ಲ ಪುಸ್ತಕದ ಕನ್ನಡ ಅರ್ಧ ಹೊಸ ಭಾಷೆ. 'ಹೋಗುತ್ತಿದ್ದನು' ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬಂದಿರುವುದಿಲ್ಲ. ಅಕ್ಷರ ಗೊತ್ತಿದ್ದರೂ ಓದು ಎಡವುವುದು ಇಲ್ಲೇ. ಮೊದಲು ಆ ಕನ್ನಡ ಕಿವಿಗೆ ಬೀಳಬೇಕು. ದಿನಾ ಬಿದ್ದರೆ ಆರು ತಿಂಗಳಲ್ಲಿ ಮಗು ಆಟದಲ್ಲೂ ಪುಸ್ತಕದ ಮಾತು ಬಳಸತೊಡಗುತ್ತದೆ. ನನ್ನ ಮಗ ಒಮ್ಮೆ ಕೋಳಿ ಅಟ್ಟಿಕೊಂಡು ಹೋಗುತ್ತಾ, 'ನಿಲ್ಲು, ಎಲ್ಲಿಗೆ ಓಡುತ್ತಿರುವೆ!' ಎಂದು ಕೂಗಿದ್ದು ಕೇಳಿ ನಾನು ಬಾವಿಕಟ್ಟೆಯ ಹತ್ತಿರ ನಿಂತೇಬಿಟ್ಟೆ.

ಓದಲು ಬೇರೆ ಹೊತ್ತು ಹುಡುಕಬೇಡಿ. ದಿನಾ ಹೇಗೂ ನಡೆಯುವ ಒಂದು ಕೆಲಸಕ್ಕೆ ಅದನ್ನು ಕಟ್ಟಿ. ನಮ್ಮಲ್ಲಿ ಬೆಳಗ್ಗೆ ನಾನು ತೆಳ್ಳೇವು (ತೆಳು ದೋಸೆ) ಎರೆಯುವಾಗ ಮಕ್ಕಳ ಅಪ್ಪ ಅಡುಗೆಮನೆಯ ಮಣೆಯ ಮೇಲೆ ಕೂತು ಓದುತ್ತಾರೆ. ಮೇ ತಿಂಗಳಲ್ಲಿ ಹಲಸಿನ ಹಪ್ಪಳ ಒತ್ತುವಾಗ ಒಬ್ಬರು ಓದುತ್ತಾರೆ, ಉಳಿದವರು ಒತ್ತುತ್ತಾರೆ. ಕೊಯ್ಲಿನಲ್ಲಿ ಅಡಿಕೆ ಸುಲಿಯುವ ರಾತ್ರಿಗಳು ಇದ್ದೇ ಇವೆ. ಕರಾವಳಿಯವರಿಗೆ ಮಳೆಗಾಲದಲ್ಲಿ ಮೀನುಗಾರಿಕೆಗೆ ರಜೆ ಇರುವಾಗ ಬಲೆ ರಿಪೇರಿ ಮಾಡುವ ಹೊತ್ತಿದೆ. ಕೈಗೆ ಕೆಲಸ ಇದ್ದರೆ ಮಕ್ಕಳ ಕಿವಿ ಚುರುಕಾಗಿರುತ್ತದೆ. ಕೈ ಕಟ್ಟಿ ಕೂತು ಕೇಳು ಎಂದು ಹೇಳಬೇಡಿ.

15 ನಿಮಿಷ ಸಾಕು. ನಿಧಾನವಾಗಿ ಓದಿ. ಕತೆ ಬಿಸಿಯಾಗಿರುವಾಗಲೇ ನಿಲ್ಲಿಸಿ, ಪುಸ್ತಕವನ್ನು ಅವರ ಕೈಗೆ ಸಿಗುವಲ್ಲಿ ಬಿಟ್ಟು ಎದ್ದು ಹೋಗಿ. ನನ್ನ ಮಗಳು ತಾನಾಗಿ ಮತ್ತೆ ಪುಸ್ತಕ ಬಿಡಿಸಿದ್ದು ಹೀಗೆ. ಆ ಕರೆಂಟ್ ಹೋದ ರಾತ್ರಿಯ ಮರುದಿನ ಬೆಳಗ್ಗೆ ಅವಳು ಕಟ್ಟಿಗೆ ರಾಶಿಯ ಹಿಂದೆ ಕೂತು ಹುಲಿ ಎಲ್ಲಿ ಹೋಯಿತು ಅಂತ ಹುಡುಕುತ್ತಿದ್ದಳು. ನಾನು ನೋಡಿಯೂ ನೋಡದವಳ ಹಾಗೆ ದಾಟಿ ಹೋದೆ.

ಕಷ್ಟದ ಪದ ಬಂದರೆ ಮನೆ ಮಾತಿನಲ್ಲಿ ಒಂದು ಪದ ಹೇಳಿ ಮುಂದೆ ಹೋಗಿ. ಅರ್ಥ ವಿವರಿಸಲು ನಿಂತರೆ ಕತೆ ತಣ್ಣಗಾಗುತ್ತದೆ. ಪಾತ್ರಕ್ಕೊಂದು ದನಿ ಮಾಡಲು ಬಂದರೆ ಮಾಡಿ. ತಾಳಮದ್ದಳೆ ಕೇಳಿ ಬೆಳೆದ ಅಜ್ಜಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅವರ ಕೈಗೆ ಪುಸ್ತಕ ಕೊಟ್ಟು ನೋಡಿ.

ಅನೇಕರು ಮಗುವಿಗೆ ಓದಲು ಬಂದ ದಿನವೇ ಓದಿ ಹೇಳುವುದನ್ನು ನಿಲ್ಲಿಸುತ್ತಾರೆ. ಅದು ದೊಡ್ಡ ತಪ್ಪು ಅಂತ ನನಗೆ ಅನಿಸುತ್ತದೆ. 7 ವರ್ಷದ ಮಗುವಿಗೆ ತಾನೇ ಓದಬಲ್ಲ ಪುಸ್ತಕ ತೀರಾ ಸರಳ. ಅದಕ್ಕೆ ಅರ್ಥವಾಗುವ ಕತೆ ಅದಕ್ಕಿಂತ ಎಷ್ಟೋ ದೊಡ್ಡದು. ಆ ದೊಡ್ಡ ಕತೆ ನಮ್ಮ ಬಾಯಿಂದಲೇ ಹೋಗಬೇಕು. ಮಗಳಿಗೆ ಈಗ 12 ವರ್ಷ. ನಾವು ಇನ್ನೂ ಓದುತ್ತೇವೆ, ಅವಳು ಇನ್ನೂ ಕೇಳುತ್ತಾಳೆ.

ಒತ್ತಕ್ಷರಕ್ಕೆ ಸಮಯ ಕೊಡಿ

ಕನ್ನಡ ಬರೆದ ಹಾಗೇ ಓದುವ ಭಾಷೆ. ಹಾಗಾಗಿ ವರ್ಣಮಾಲೆ ಬಂದರೆ ಓದು ಬಂದ ಹಾಗೆ ಅಂದುಕೊಳ್ಳುತ್ತೇವೆ. ಆದರೆ ಮಗು ಗುರುತಿಸಬೇಕಾದದ್ದು 49 ಅಕ್ಷರ ಮಾತ್ರ ಅಲ್ಲ. ಪ್ರತಿ ವ್ಯಂಜನಕ್ಕೂ ಕಾಗುಣಿತ ಇದೆ, ಅದರ ಮೇಲೆ ಒತ್ತು ಇದೆ. ನೂರಾರು ರೂಪಗಳು. ಇವೆಲ್ಲ ಕಣ್ಣಿಗೆ ರೂಢಿಯಾಗಲು ಒಂದೆರಡು ವರ್ಷ ಹಿಡಿದರೆ ಗಾಬರಿ ಬೇಡ.

ಮಗ ತುಂಬಾ ದಿನ 'ಸೂರ್ಯ'ವನ್ನು 'ಸೂಯ್ರ' ಅಂತಲೇ ಓದುತ್ತಿದ್ದ. ಯಾಕೆ ಅಂತ ಅವನ ಬೆರಳು ನೋಡಿದಾಗ ತಿಳಿಯಿತು. ಬೆರಳು ಎಡದಿಂದ ಬಲಕ್ಕೆ ಹೋಗುತ್ತದೆ. ಮೊದಲು ಸಿಗುವುದು 'ಯ', ಆಮೇಲೆ ಅರ್ಕಾವತ್ತು. ಅವನು ಕಂಡದ್ದನ್ನು ಕಂಡ ಹಾಗೆ ಓದುತ್ತಿದ್ದ. ತಪ್ಪು ಅವನದ್ದಲ್ಲ, ಅರ್ಕಾವತ್ತಿನ ರೀತಿಯೇ ಹಾಗೆ. 'ಈ ಗುರುತು ಕಂಡರೆ ರ್ ಮೊದಲು' ಅಂತ ಒಮ್ಮೆ ಹೇಳಿ, ಅಂಗಳದ ಮಣ್ಣಿನಲ್ಲಿ ಸೂರ್ಯ, ಕಾರ್ಯ, ಅರ್ಧ, ಮಾರ್ಗ ಬರೆದೆವು. ನಾಲ್ಕು ದಿನದಲ್ಲಿ ಸರಿಹೋಯಿತು.

ಆದ್ದರಿಂದ ಶುರುವಿನಲ್ಲಿ ಪುಸ್ತಕ ಆರಿಸುವಾಗ ಒಂದು ಪುಟ ಬಿಡಿಸಿ ಒತ್ತಕ್ಷರ ಎಷ್ಟಿದೆ ನೋಡಿ. ಮರ, ಗಿಡ, ಆನೆ, ಮಳೆ ಇಂಥ ಮಾತು ಜಾಸ್ತಿ ಇರುವುದನ್ನು ಮಗುವಿನ ಕೈಗೆ ಕೊಡಿ. ಒತ್ತು ತುಂಬಿದ್ದನ್ನು ನೀವು ಓದಿ ಹೇಳಿ. ಮಗು ಗಟ್ಟಿಯಾಗಿ ಓದುವಾಗ ತಪ್ಪಿದರೆ ಆ ವಾಕ್ಯ ಮುಗಿಯುವ ತನಕ ತಡೆಯಿರಿ. ಎಷ್ಟೋ ಸಲ ಅರ್ಥ ಕೂಡುವುದಿಲ್ಲ ಅಂತ ಅದಕ್ಕೇ ಹೊಳೆದು ಹಿಂದೆ ಬರುತ್ತದೆ.

ಒಳ್ಳೆಯ ಪುಸ್ತಕ ಯಾವುದು, ಎಲ್ಲಿ ಸಿಗುತ್ತದೆ

ನನ್ನ ಪರೀಕ್ಷೆ ಒಂದೇ. ಅಂಗಡಿಯಲ್ಲೇ ನಿಂತು ಅರ್ಧ ಪುಟ ಮೆಲ್ಲಗೆ ಬಾಯಲ್ಲಿ ಓದುತ್ತೇನೆ. ನಾಲಿಗೆ ಸರಾಗ ಹೊರಳಿದರೆ ತರುತ್ತೇನೆ. ಎಡವಿದರೆ ಅದು ಅವಸರದ ಅನುವಾದ, ಚಿತ್ರ ಎಷ್ಟು ಚೆನ್ನಾಗಿದ್ದರೂ ಬಿಡುತ್ತೇನೆ. ಕೊನೆಯಲ್ಲಿ 'ಆದ್ದರಿಂದ ಮಕ್ಕಳೇ' ಎಂದು ಶುರುವಾಗುವ ಪುಸ್ತಕಗಳನ್ನೂ ತರುವುದಿಲ್ಲ. ಒಳ್ಳೆಯ ಕತೆ ಹೇಳಬೇಕಾದದ್ದನ್ನು ಆಗಲೇ ಹೇಳಿರುತ್ತದೆ.

ಚಿಕ್ಕವರಿಗೆ ಮೊದಲು ಪದ್ಯ. ಅಂಕೋಲೆಯ ದಿನಕರ ದೇಸಾಯಿಯವರನ್ನು ಎಲ್ಲರೂ ಚುಟುಕಕ್ಕೆ ನೆನೆಯುತ್ತಾರೆ. ಅವರು ಮಕ್ಕಳಿಗೂ ಸೊಗಸಾಗಿ ಬರೆದವರು. ನಮ್ಮದೇ ಜಿಲ್ಲೆಯ ಕವಿ ಅನ್ನುವುದೇ ಮಕ್ಕಳಿಗೆ ಒಂದು ಹೆಮ್ಮೆ. ಪದ್ಯ ಬಾಯಿಗೆ ಬಂದಿದ್ದರೆ ಆ ಪುಟ ಓದುವುದು ಸುಲಭ. ಮುಂದೆ ಬರುವ ಪದ ಯಾವುದು ಅಂತ ಮಗುವಿಗೆ ಮೊದಲೇ ಗೊತ್ತಿರುತ್ತದೆ.

ಪುಸ್ತಕಕ್ಕೆ ತುಂಬಾ ದುಡ್ಡು ಬೇಕಿಲ್ಲ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಕನ್ನಡದ ಚಿತ್ರ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಪ್ರಥಮ್ ಬುಕ್ಸ್‌ನವು ತೆಳು, ಅಗ್ಗ, ಮಗುವಿನ ಕೈಗೆ ಹಗುರ. ಅದೇ ಸಂಸ್ಥೆ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ತಾಣದಲ್ಲಿ ಕನ್ನಡದ ಕತೆಗಳನ್ನು ಪುಕ್ಕಟೆ ಓದಬಹುದು, ಇಳಿಸಿಕೊಳ್ಳಬಹುದು, ಮುದ್ರಿಸಲೂಬಹುದು. ಕತೆಗಳನ್ನು 1ರಿಂದ 4ರವರೆಗೆ ಹಂತ ಮಾಡಿ ಇಟ್ಟಿದ್ದಾರೆ. ಮಗುವಿನ ವಯಸ್ಸು ನೋಡಬೇಡಿ, ಸರಾಗ ಓದಲು ಬರುವ ಹಂತಕ್ಕಿಂತ ಒಂದು ಮೆಟ್ಟಿಲು ಕೆಳಗಿನಿಂದ ಶುರು ಮಾಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹಾಗಾಗಿ ಮೇ ತಿಂಗಳಲ್ಲೇ ಹತ್ತಿಪ್ಪತ್ತು ಕತೆ ಪೇಟೆಯಲ್ಲಿ ಪ್ರಿಂಟ್ ತೆಗೆಸಿ, ದಾರ ಹಾಕಿ ಹೊಲಿದು ಇಟ್ಟುಕೊಳ್ಳುತ್ತೇವೆ. ಹೊಲಿಯುವ ಕೆಲಸ ಮಕ್ಕಳದ್ದು. ತಾವೇ ಹೊಲಿದ ಪುಸ್ತಕವನ್ನು ಅವರು ಇನ್ನೂ ಜೋಪಾನ ಮಾಡುತ್ತಾರೆ.

ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮರೆಯಬೇಡಿ. ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ. ಮಗುವಿನ ಹೆಸರಿನಲ್ಲೇ ಕಾರ್ಡ್ ಮಾಡಿಸಿ, ಪುಸ್ತಕವನ್ನು ಅದೇ ಆರಿಸಿ ತರಲಿ. ನಿಮಗೆ ಇಷ್ಟವಾಗದ್ದು ತಂದರೂ ಮುಖ ಸಿಂಡರಿಸಬೇಡಿ.

ನಮ್ಮ ಮನೆಯ ಒಂದು ರೂಢಿ ಹೇಳುತ್ತೇನೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆಗ ಮಕ್ಕಳಿಗೆ ಆಟಿಕೆಗೆ ಬೇರೆ, ಪುಸ್ತಕಕ್ಕೆ ಬೇರೆ ದುಡ್ಡು ಕೊಡುತ್ತೇವೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ಯಾವ ಮಗುವೂ ಆಟಿಕೆಯನ್ನೇ ಹಿಡಿಯುತ್ತದೆ. ಪುಸ್ತಕವನ್ನು ಆಟಿಕೆಯ ವೈರಿ ಮಾಡುವುದು ಯಾಕೆ?

ಪುಸ್ತಕ ಕಣ್ಣಿಗೆ ಬೀಳಲಿ, ಬೂಷ್ಟು ಹಿಡಿಯದಿರಲಿ

ಪುಸ್ತಕ ಗಾಜಿನ ಕಪಾಟಿನಲ್ಲಿದ್ದರೆ ಮಕ್ಕಳು ಮುಟ್ಟುವುದಿಲ್ಲ. ನೆಲದಿಂದ ಎರಡಡಿ ಎತ್ತರದಲ್ಲಿ ಒಂದು ಹಲಗೆ ಹೊಡೆದು, ಐದಾರು ಪುಸ್ತಕವನ್ನು ಮುಖಪುಟ ಕಾಣುವ ಹಾಗೆ ಒರಗಿಸಿ ಇಡಿ. ಹದಿನೈದು ದಿನಕ್ಕೊಮ್ಮೆ ಬದಲಾಯಿಸಿ. ಹಳೆಯ ಪುಸ್ತಕವೂ ಎದುರಿಗೆ ಬಂದಾಗ ಹೊಸದಾಗುತ್ತದೆ.

ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡಿನಲ್ಲೂ ಕರಾವಳಿಯಲ್ಲೂ ಪುಸ್ತಕ ಉಳಿಸಿಕೊಳ್ಳುವುದೇ ಒಂದು ಕೆಲಸ. ಮೊದಲ ಮಳೆಗಾಲದಲ್ಲಿ ನಮ್ಮ ಅರ್ಧದಷ್ಟು ಪುಸ್ತಕಕ್ಕೆ ಬೂಷ್ಟು ಬಂತು. ಹೊರಗೋಡೆಗೆ ತಾಗಿಸಿ ಇಟ್ಟಿದ್ದೆ, ಒತ್ತೊತ್ತಾಗಿ ತುಂಬಿದ್ದೆ. ಹಾಗೆ ಮಾಡಬೇಡಿ. ಒಳಗೋಡೆಯ ಕಡೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು, ನಡುವೆ ಗಾಳಿ ಆಡುವಷ್ಟು ಸಡಿಲವಾಗಿ ಇಡಿ. ತೇವ ಇರುವ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೂಷ್ಟು ಇನ್ನೂ ಬೇಗ ಬರುತ್ತದೆ. ಬಂದೇಬಿಟ್ಟರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಮೊದಲು ಬಚ್ಚಲ ಒಲೆಯಿಂದ ದೂರದಲ್ಲಿ, ಬೆಚ್ಚಗಿನ ಗಾಳಿಗೆ ಪುಟ ಬಿಡಿಸಿ ನಿಲ್ಲಿಸಿ ಒಣಗಿಸಿ. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮನೆಯ ಹೊರಗೆ ಮೆತ್ತನೆ ಬ್ರಷ್‌ನಲ್ಲಿ ಒರೆಸಿ. ಬಿಸಿಲು ಬಂದ ದಿನ ನೆರಳಿನ ಅಂಚಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಾಕು, ಉರಿ ಬಿಸಿಲಿಗೆ ಕಾಗದ ಹಳದಿಯಾಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ನುಸಿ ಗುಳಿಗೆ ಹಾಕಬೇಡಿ, ಬಾಯಿಗೆ ಹಾಕಿಕೊಂಡರೆ ಕಷ್ಟ.

ಪುಸ್ತಕದಿಂದ ಊರಿಗೆ, ಊರಿನಿಂದ ಪುಸ್ತಕಕ್ಕೆ

ಮನೆಯಲ್ಲೇ ಕಲಿಯುವವರಿಗೆ ಒಂದು ಅನುಕೂಲ ಇದೆ. ಮಂಗಳವಾರ ಬೆಳಗ್ಗೆಯೂ ಬುತ್ತಿ ಕಟ್ಟಿಕೊಂಡು ಹೊರಡಬಹುದು. ಇದನ್ನು ಬಳಸಿಕೊಳ್ಳಿ.

ಮರದ ಕತೆಯೊಂದನ್ನು ಓದಿದ ವಾರ ನಾವು ಸಾಲ್ಕಣಿಗೆ ಹೋದೆವು. 1983ರ ಸೆಪ್ಟೆಂಬರ್‌ನಲ್ಲಿ ಆ ಊರಿನ ಹೆಂಗಸರು, ಗಂಡಸರು ಕಾಡಿಗೆ ಹೋಗಿ ಮರಗಳನ್ನು ತಬ್ಬಿಕೊಂಡು ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಮಗಳು ಒಂದು ಮರ ತಬ್ಬಿ ನೋಡಿ, 'ಕೈ ಸುತ್ತು ಬರೋದಿಲ್ಲ, ನಾಲ್ಕು ಜನ ಬೇಕು' ಎಂದಳು. ಮನೆಗೆ ಬಂದು ಆ ಕತೆಯನ್ನೇ ಮತ್ತೆ ಓದಿದಳು. ಶಾಲ್ಮಲಾ ಹೊಳೆಯ ಬಂಡೆಗಳಲ್ಲಿ ಕೆತ್ತಿದ ಸಹಸ್ರಲಿಂಗ ನೋಡಿ ಬಂದ ಮೇಲೆ, ಅದನ್ನು ಕೆತ್ತಿಸಿದ ಸೋದೆಯ ಅರಸರ ಬಗ್ಗೆ ಕೇಳಿದಳು. ಅಂಕೋಲೆಯವರಾದರೆ 1930ರ ಉಪ್ಪಿನ ಸತ್ಯಾಗ್ರಹ ಮನೆ ಬಾಗಿಲಲ್ಲೇ ಇದೆ. ಕಾರವಾರದವರಿಗೆ ಕಡಲ ದಂಡೆಯ ಯುದ್ಧನೌಕೆ ಮ್ಯೂಸಿಯಂ ಇದೆ. ಹೋಗುವ ಮೊದಲು ಒಂದು ಕತೆ, ಬಂದ ಮೇಲೆ ಇನ್ನೊಂದು. ನಡುವೆ ಪಾಠ ಬೇಡ.

ಯಕ್ಷಗಾನವಂತೂ ಓದಿಗೆ ದೊಡ್ಡ ಬಾಗಿಲು. ರಾತ್ರಿ ಆಟ ನೋಡಿ ಬಂದ ಮಗುವಿಗೆ ಅಭಿಮನ್ಯು ಗೊತ್ತು, ಚಕ್ರವ್ಯೂಹ ಗೊತ್ತು. ಮಕ್ಕಳಿಗಾಗಿ ಬರೆದ ಮಹಾಭಾರತವನ್ನು ಮರುದಿನ ಎದುರಿಗೆ ಇಟ್ಟು ಬಿಡಿ, ಅಷ್ಟೇ.

ಮೊಬೈಲ್, ಜೊತೆಗಾರರು, ಒಂದು ಪಟ್ಟಿ

ನಮ್ಮ ಕೈಯಲ್ಲಿ ಮೊಬೈಲ್ ಇದ್ದು ಮಗುವಿಗೆ ಪುಸ್ತಕ ಹಿಡಿ ಅಂದರೆ ಅದು ಹಿಡಿಯುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ನಾವು ನಾವೇ ಓದುತ್ತೇವೆ, ಪೇಪರ್ ಆದರೂ ಸರಿ. ಇದರ ಬಗ್ಗೆ ಇನ್ನು ಹೆಚ್ಚು ಹೇಳುವುದಿಲ್ಲ.

ಜೊತೆಗಾರರ ವಿಷಯ ಮಾತ್ರ ನಿಜವಾದ ಕೊರತೆ. ಶಾಲೆಯಲ್ಲಿ ಒಬ್ಬ ಹುಡುಗ 'ನೀನು ಅದನ್ನ ಓದಿದ್ಯಾ?' ಎಂದರೆ ಅಮ್ಮ ನೂರು ಸಲ ಹೇಳಿದ್ದಕ್ಕಿಂತ ಬಲ ಜಾಸ್ತಿ. ನಮ್ಮ ಮಕ್ಕಳಿಗೆ ಅದನ್ನು ನಾವೇ ಒದಗಿಸಬೇಕು. ತಿಂಗಳಿಗೊಮ್ಮೆ ಭಾನುವಾರ ಅಕ್ಕಪಕ್ಕದ ಆರೇಳು ಮಕ್ಕಳು ನಮ್ಮ ಜಗಲಿಗೆ ಬರುತ್ತಾರೆ, ಶಾಲೆಗೆ ಹೋಗುವವರೂ ಸೇರಿ. ಪ್ರತಿಯೊಬ್ಬರೂ ಒಂದು ಪುಸ್ತಕ ತಂದು ಚಾಪೆಯ ಮೇಲೆ ಇಡುತ್ತಾರೆ, ಬೇರೆಯದನ್ನು ಒಯ್ಯುತ್ತಾರೆ. ಭಾಷಣ ಇಲ್ಲ, ಸ್ಪರ್ಧೆ ಇಲ್ಲ. ಅವಲಕ್ಕಿ ಇರುತ್ತದೆ. ಪುಸ್ತಕದ ಮಾತು ಮರ ಹತ್ತುವಾಗ ತಾನಾಗಿ ಬರುತ್ತದೆ.

ಕೊನೆಯದಾಗಿ ಒಂದು ಉದ್ದ ನೋಟ್‌ಬುಕ್ ಇಡಿ. ದಿನಾಂಕ, ಪುಸ್ತಕದ ಹೆಸರು, ಅಷ್ಟೇ. ಮುಂದೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಸುವ ಯೋಚನೆ ನಮ್ಮದು, ಅದಕ್ಕೆ ಕನಿಷ್ಠ 14 ವರ್ಷ ಆಗಿರಬೇಕು. ಆ ಪರೀಕ್ಷೆಗೆ ಈ ಪಟ್ಟಿ ಬೇಕಿಲ್ಲ. ಮಗು ಯಾವ ತಿಂಗಳು ಯಾವುದರ ಹಿಂದೆ ಬಿದ್ದಿತ್ತು ಅಂತ ನಮಗೆ ಕಾಣಲಿ ಅಂತ ಇಡುತ್ತೇವೆ. ಹಾವಿನ ಪುಸ್ತಕ ಮೂರು ಸಾಲಾಗಿ ಬಂದರೆ ನಾಲ್ಕನೆಯದು ಎಲ್ಲಿ ಸಿಗುತ್ತದೆ ಅಂತ ನಾವು ಹುಡುಕಬಹುದು.

ಮೊದಲು ಅದನ್ನು ನಾನೇ ಬರೆಯುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಬಿಡಿಸಿ ನೋಡಿದರೆ ಮಗನ ಅಕ್ಷರದಲ್ಲಿ ಒಂದು ಸಾಲು ಇತ್ತು. ಹುಲಿಯ ಹೆಜ್ಜೆ ಇದ್ದ ಅದೇ ಪುಸ್ತಕದ ಹೆಸರು. ಪಕ್ಕದಲ್ಲಿ 'ಅಜ್ಜಂಗೆ ಓದಿ ಹೇಳಿದ್ದು' ಅಂತ ಬರೆದಿದ್ದ.